ಗ್ಲುಟೆನ್ ಫ್ರೀ ಪ್ಯಾಕೆಟ್ ರೀಕಾಲ್ ಆದರೆ: ಆ ದಿನ ಏನು ಮಾಡಬೇಕು, ಆಮೇಲೆ ಯಾವುದನ್ನು ನಂಬಬೇಕು

ಗ್ಲುಟೆನ್ ಎಂದರೆ ಗೋಧಿ, ಬಾರ್ಲಿಯಂಥ ಧಾನ್ಯಗಳಲ್ಲಿರುವ ಪ್ರೋಟೀನ್. ಗ್ಲುಟೆನ್ ಫ್ರೀ ಎಂದು ಅಚ್ಚು ಹಾಕಿದ ಪ್ಯಾಕೆಟ್ಟಿನಲ್ಲೇ ಗೋಧಿ ಸೇರಿಕೊಂಡಿದೆ, ಕಂಪನಿ ಮಾಲು ವಾಪಸ್ ಕರೆಸಿಕೊಳ್ಳುತ್ತಿದೆ (ರೀಕಾಲ್) ಎಂಬ ಸುದ್ದಿ ಬಂದಾಗ, ಗ್ಲುಟೆನ್ ಸಲ್ಲದ ಸೀಲಿಯಾಕ್ ಕಾಯಿಲೆ ಇರುವವರ ಮನೆಯಲ್ಲಿ ಸಾಮಾನ್ಯವಾಗಿ ಎರಡರಲ್ಲಿ ಒಂದು ಆಗುತ್ತದೆ. ಒಂದೋ ಆ ಬ್ರ್ಯಾಂಡಿನದ್ದೆಲ್ಲವನ್ನೂ ಕಸಕ್ಕೆ ಸುರಿದು, ಇನ್ನು ಪ್ಯಾಕೆಟ್ ತಿಂಡಿಯ ಸಹವಾಸವೇ ಬೇಡ ಎಂದು ಕೈಬಿಡುತ್ತಾರೆ. ಇಲ್ಲವೇ, ಇಷ್ಟು ದಿನ ತಿಂದು ಏನೂ ಆಗಿಲ್ಲವಲ್ಲ ಎಂದು ಸುಮ್ಮನಾಗುತ್ತಾರೆ. ಮೊದಲನೆಯದರಿಂದ ಈಗಾಗಲೇ ಕಿರಿದಾಗಿರುವ ಊಟದ ಪಟ್ಟಿ ಇನ್ನಷ್ಟು ಕಿರಿದಾಗುತ್ತದೆ. ಎರಡನೆಯದರಿಂದ ಕರುಳಿಗೆ ಪೆಟ್ಟು ಬೀಳುತ್ತದೆ, ಅದೂ ನೋವಿಲ್ಲದೆ ಬೀಳಬಹುದು.

ನಾನು ಹೇಳಹೊರಟಿರುವುದು ಇಷ್ಟೇ. ರೀಕಾಲ್ ಸೂಚನೆ ಮಾತಾಡುವುದು ಬ್ಯಾಚಿನ ಬಗ್ಗೆ, ಅಂದರೆ ಒಂದೇ ಸಲಕ್ಕೆ ತಯಾರಾದ ಪ್ಯಾಕೆಟ್ಟುಗಳ ಗುಂಪಿನ ಬಗ್ಗೆ. ನಮ್ಮ ನಂಬಿಕೆ, ಅಪನಂಬಿಕೆ ಎರಡೂ ಅದೇ ಲೆಕ್ಕದಲ್ಲಿ ನಡೆಯಬೇಕು. ಯಾವ ಪ್ಯಾಕೆಟ್, ಯಾವ ಕಾರ್ಖಾನೆ, ಯಾವ ವಾರ, ಯಾರು ಪರೀಕ್ಷೆ ಮಾಡಿದರು, ಏನು ಸರಿಪಡಿಸಿದರು ಎಂದು ಕೇಳುವ ಅಭ್ಯಾಸ ಬಂದರೆ ಹೆದರಿಕೆ ಕಡಿಮೆಯಾಗುತ್ತದೆ, ಎಚ್ಚರ ಹೆಚ್ಚುತ್ತದೆ. ಅದನ್ನು ಹಂತ ಹಂತವಾಗಿ ಹೇಗೆ ಮಾಡುವುದು ನೋಡೋಣ.

ಹಂತ 1: ನಿಮ್ಮ ಮನೆಯಲ್ಲಿರುವ ತೊಂದರೆ ಯಾವುದು?

ಒಂದೇ ರೀಕಾಲ್ ಒಬ್ಬರಿಗೆ ತುರ್ತು, ಇನ್ನೊಬ್ಬರಿಗೆ ಏನೂ ಅಲ್ಲದಿರಬಹುದು. ಅದಕ್ಕೇ ಇದು ಮೊದಲ ಪ್ರಶ್ನೆ.

ಸೀಲಿಯಾಕ್ ಎಂದರೆ ದೇಹದ ರೋಗನಿರೋಧಕ ವ್ಯವಸ್ಥೆ ಗ್ಲುಟೆನ್ ಕಂಡಾಗ ತನ್ನದೇ ಸಣ್ಣ ಕರುಳಿನ ಮೇಲೆ ತಿರುಗಿಬೀಳುವ ಕಾಯಿಲೆ. ಜಗತ್ತಿನ ಜನರಲ್ಲಿ ನೂರಕ್ಕೆ ಸುಮಾರು ಒಬ್ಬರಿಗೆ ಇದು ಇದೆ. ಅವರಲ್ಲಿ ಬಹಳಷ್ಟು ಮಂದಿಗೆ ಅದು ಗೊತ್ತೇ ಇರುವುದಿಲ್ಲ. ಗೋಧಿ, ಬಾರ್ಲಿ, ರೈ ಮತ್ತು ಇವುಗಳ ತಳಿ-ಮಿಶ್ರತಳಿಗಳಾದ ಸ್ಪೆಲ್ಟ್, ಟ್ರಿಟಿಕೇಲ್ ಮುಂತಾದವು ಎಲ್ಲವೂ ವರ್ಜ್ಯ, ಅದೂ ಜೀವನಪೂರ್ತಿ. ಸದ್ಯಕ್ಕೆ ಪಥ್ಯವೇ ಇದಕ್ಕೆ ಚಿಕಿತ್ಸೆ. ಡಚ್ ಮಕ್ಕಳ ವೈದ್ಯ ವಿಲ್ಲೆಮ್-ಕಾರೆಲ್ ಡಿಕೆ ಗೋಧಿಗೂ ಈ ಕಾಯಿಲೆಗೂ ಇರುವ ನಂಟನ್ನು 1950ರ ತಮ್ಮ ಪ್ರಬಂಧದಲ್ಲಿ ಸ್ಪಷ್ಟವಾಗಿ ತೋರಿಸಿಕೊಟ್ಟ ಮೇಲೆ ಪಥ್ಯಕ್ಕೆ ಗಟ್ಟಿ ಆಧಾರ ಸಿಕ್ಕಿತು.

ಗೋಧಿ ಅಲರ್ಜಿ ಬೇರೆ. ಅದರಲ್ಲಿ ತಿಂದ ಕೆಲವೇ ನಿಮಿಷಗಳಿಂದ ಒಂದೆರಡು ಗಂಟೆಯೊಳಗೆ ದದ್ದು, ತುಟಿ-ಗಂಟಲಿನ ಊತ, ಉಸಿರಾಟದ ತೊಂದರೆ ಬರಬಹುದು. ಅದು ಪ್ರಾಣಕ್ಕೇ ಬರಬಹುದು. ಮೂರನೆಯದು, ಸೀಲಿಯಾಕ್ ಅಲ್ಲದ ಗ್ಲುಟೆನ್ ಅಸಹಿಷ್ಣುತೆ. ಇಲ್ಲಿ ಕಿರಿಕಿರಿ ಉಂಟು, ಕರುಳಿನ ಹಾನಿ ಕಾಣುವುದಿಲ್ಲ.

ಒಂದು ಸೂಕ್ಷ್ಮ ಇಲ್ಲೇ ಹೇಳಿಬಿಡುತ್ತೇನೆ. ಗ್ಲುಟೆನ್ ತೆಗೆದ ಗೋಧಿ ಪಿಷ್ಟವನ್ನು ಹಾಕಿ ಮಾಡಿದ ತಿನಿಸನ್ನು ಹಲವು ದೇಶಗಳಲ್ಲಿ ಕಾನೂನುಬದ್ಧವಾಗಿಯೇ ಗ್ಲುಟೆನ್ ಫ್ರೀ ಎಂದು ಮಾರಬಹುದು. ಸೀಲಿಯಾಕ್ ಇರುವವರಿಗೆ ಅದು ಮಿತಿಯೊಳಗೆ ಬರುತ್ತದೆ. ಗೋಧಿ ಅಲರ್ಜಿ ಇರುವವರಿಗೆ ಅದು ಸಲ್ಲ. ಹಾಗೆಯೇ ಗೋಧಿ ಇಲ್ಲ ಎಂದಷ್ಟೇ ಬರೆದ ಪ್ಯಾಕೆಟ್ಟಿನಲ್ಲಿ ಬಾರ್ಲಿ ಇರಬಹುದು. ಅದು ಸೀಲಿಯಾಕ್‌ಗೆ ಸಲ್ಲ.

ಹಂತ 2: 20 ಪಿಪಿಎಂ ಎಂದರೆ ಎಷ್ಟು ಎಂದು ತಿಳಿದುಕೊಳ್ಳಿ

ಗ್ಲುಟೆನ್ ಫ್ರೀ ಎಂದರೆ ಗ್ಲುಟೆನ್ ಸೊನ್ನೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಅಂತಾರಾಷ್ಟ್ರೀಯ ಆಹಾರ ಮಾನದಂಡ ರೂಪಿಸುವ ಕೋಡೆಕ್ಸ್ ಅಲಿಮೆಂಟಾರಿಯಸ್ 2008ರಲ್ಲಿ ಪರಿಷ್ಕರಿಸಿದ ನಿಯಮದ ಪ್ರಕಾರ ಒಂದು ಕಿಲೋ ಆಹಾರದಲ್ಲಿ 20 ಮಿಲಿಗ್ರಾಂ ಮೀರದಷ್ಟು ಗ್ಲುಟೆನ್ ಇದ್ದರೆ ಆ ಹೆಸರು ಹಾಕಬಹುದು. ಇದನ್ನೇ 20 ಪಿಪಿಎಂ ಎನ್ನುವುದು. ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2013ರಲ್ಲಿ ಇದೇ ಸಂಖ್ಯೆಯನ್ನು ನಿಯಮ ಮಾಡಿತು, 2014ರ ಆಗಸ್ಟ್‌ನಿಂದ ಪಾಲನೆ ಕಡ್ಡಾಯವಾಯಿತು. ಯುರೋಪಿಯನ್ ಒಕ್ಕೂಟದಲ್ಲೂ 20. ಅಲ್ಲಿ 100ರವರೆಗೆ ಇದ್ದರೆ ಅತಿ ಕಡಿಮೆ ಗ್ಲುಟೆನ್ ಎಂಬ ಬೇರೆ ಹೆಸರಿದೆ. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ಇನ್ನೂ ಕಟ್ಟುನಿಟ್ಟು: ಪರೀಕ್ಷೆಯಲ್ಲಿ ಗ್ಲುಟೆನ್ ಪತ್ತೆಯೇ ಆಗಬಾರದು, ಓಟ್ಸ್ ಇರುವ ಪದಾರ್ಥಕ್ಕಂತೂ ಆ ಹೆಸರೇ ಇಲ್ಲ.

ಈ ಸಂಖ್ಯೆಯನ್ನು ಊಟದ ಲೆಕ್ಕಕ್ಕೆ ತರೋಣ. ಸರಿಯಾಗಿ 20 ಪಿಪಿಎಂ ಇರುವ ಆಹಾರವನ್ನು 100 ಗ್ರಾಂ ತಿಂದರೆ ಒಳಹೋಗುವ ಗ್ಲುಟೆನ್ 2 ಮಿಲಿಗ್ರಾಂ. ಅರ್ಧ ಕಿಲೋ ತಿಂದರೆ 10 ಮಿಲಿಗ್ರಾಂ. ದಿನಕ್ಕೆ 10 ಮಿಲಿಗ್ರಾಂವರೆಗೆ ಸೀಲಿಯಾಕ್ ಇರುವ ಹೆಚ್ಚಿನವರ ಕರುಳು ತಡೆದುಕೊಳ್ಳುತ್ತದೆ ಎಂಬುದು ತಜ್ಞರು ಸಾಮಾನ್ಯವಾಗಿ ಒಪ್ಪುವ ಮಾತು. 2007ರಲ್ಲಿ ಪ್ರಕಟವಾದ ಇಟಲಿಯ ಅಧ್ಯಯನವೊಂದರಲ್ಲಿ ದಿನಕ್ಕೆ 50 ಮಿಲಿಗ್ರಾಂನಂತೆ ಮೂರು ತಿಂಗಳು ಕೊಟ್ಟಾಗ ಕರುಳಿಗೆ ಹಾನಿಯಾಗಿದ್ದು ಕಂಡುಬಂತು. ಗೋಧಿ ಹಿಟ್ಟಿನಲ್ಲಿ ಹತ್ತರಲ್ಲೊಂದು ಪಾಲು ಗ್ಲುಟೆನ್ ಎಂದಿಟ್ಟುಕೊಂಡರೆ, ಈ 50 ಮಿಲಿಗ್ರಾಂ ಬರುವುದು ಅರ್ಧ ಗ್ರಾಂ ಹಿಟ್ಟಿನಿಂದ, ಅಂದರೆ ಒಂದು ಚಿಟಿಕೆಯಿಂದ.

ಇದು ಯಾಕೆ ಗೊತ್ತಿರಬೇಕೆಂದರೆ, ರೀಕಾಲ್ ಸುದ್ದಿಯಲ್ಲಿ 25 ಪಿಪಿಎಂ ಸಿಕ್ಕಿತು ಎಂದಿದ್ದರೆ ಅದೊಂದು ಬಗೆ. ಗೋಧಿ ಬಿಸ್ಕತ್ತೇ ಗ್ಲುಟೆನ್ ಫ್ರೀ ಪೊಟ್ಟಣದೊಳಗೆ ಹೋಗಿ ಕುಳಿತಿತ್ತು ಎಂದಿದ್ದರೆ ಅದು ಪೂರ್ತಿ ಬೇರೆ ಬಗೆ. ಮೊದಲನೆಯದನ್ನು ಗಂಭೀರವಾಗಿ ತೆಗೆದುಕೊಂಡು ಪ್ಯಾಕೆಟ್ ಬದಿಗಿಟ್ಟರೆ ಸಾಕು. ಎರಡನೆಯದರಲ್ಲಿ ಒಂದೇ ಸಲಕ್ಕೆ ಗ್ರಾಂಗಟ್ಟಲೆ ಗ್ಲುಟೆನ್ ಹೊಟ್ಟೆಗೆ ಹೋಗಿರುತ್ತದೆ.

ಹಂತ 3: ಸೂಚನೆಯನ್ನು ಪೂರ್ತಿ ಓದಿ, ತಲೆಬರಹಕ್ಕೆ ನಿಲ್ಲಬೇಡಿ

ಗ್ಲುಟೆನ್ ಫ್ರೀ ತಿನಿಸು ರೀಕಾಲ್ ಆಯಿತು ಎಂದ ಮಾತ್ರಕ್ಕೆ ಕಾರಣ ಗ್ಲುಟೆನ್ ಎಂದಲ್ಲ. ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು, ಲೋಹದ ಚೂರು ಇರಬಹುದು, ಲೇಬಲ್ಲಿನಲ್ಲಿ ಹೇಳದ ಹಾಲು, ಮೊಟ್ಟೆ, ಸೋಯಾ ಇರಬಹುದು. ಮನೆಯವರೆಲ್ಲರೂ ಆ ಪ್ಯಾಕೆಟ್ ಮುಟ್ಟಬಾರದೋ ಅಥವಾ ಒಬ್ಬರಿಗೆ ಮಾತ್ರ ಅಪಾಯವೋ ಎಂಬುದು ಈ ಕಾರಣದ ಸಾಲಿನಿಂದಲೇ ಗೊತ್ತಾಗುತ್ತದೆ. ಸಾಲ್ಮೊನೆಲ್ಲಾ ಎಂದಿದ್ದರೆ ಯಾರಿಗೂ ಬೇಡ.

ಆಮೇಲೆ ಪ್ಯಾಕೆಟ್ ಕೈಯಲ್ಲಿ ಹಿಡಿದು ಒಂದೊಂದೇ ಹೋಲಿಸಿ: ಪದಾರ್ಥದ ಪೂರ್ತಿ ಹೆಸರು, ತೂಕ, ಕೊನೆಯ ಬಳಕೆ ದಿನಾಂಕ, ಲಾಟ್ ಅಥವಾ ಬ್ಯಾಚ್ ನಂಬರ್. ಬಹಳ ಜನ ಎಡವುವುದು ಬಾರ್‌ಕೋಡ್ ವಿಷಯದಲ್ಲಿ. ಆ ತಿನಿಸಿನ ಆ ಅಳತೆಯ ಎಲ್ಲ ಪ್ಯಾಕೆಟ್ಟಿಗೂ ಬಾರ್‌ಕೋಡ್ ಒಂದೇ, ಇವತ್ತಿನದ್ದಾದರೂ ಹೋದ ವರ್ಷದ್ದಾದರೂ. ಅದು ಹೊಂದಿತು ಎಂದ ಮಾತ್ರಕ್ಕೆ ನಿಮ್ಮದು ಕೆಟ್ಟ ಬ್ಯಾಚ್ ಅಲ್ಲ. ಬ್ಯಾಚನ್ನು ಗುರುತಿಸುವುದು ಲಾಟ್ ನಂಬರ್. ಅದು ಸಾಮಾನ್ಯವಾಗಿ ಪ್ಯಾಕೆಟ್ಟಿನ ಮಡಿಕೆಯಲ್ಲೋ ಡಬ್ಬಿಯ ತಳದಲ್ಲೋ ಚುಕ್ಕಿ ಚುಕ್ಕಿ ಅಕ್ಷರದಲ್ಲಿ, ಮಸುಕಾಗಿ, ಬೆಳಕಿಗೆ ಓರೆಯಾಗಿ ಹಿಡಿದರೆ ಮಾತ್ರ ಕಾಣುವಂತೆ ಇರುತ್ತದೆ. ಫೋನಿನ ಕ್ಯಾಮೆರಾದಲ್ಲಿ ತೆಗೆದು ದೊಡ್ಡದು ಮಾಡಿ ನೋಡಿ. 8 ಮತ್ತು ಬಿ, ಸೊನ್ನೆ ಮತ್ತು ಒ ಒಂದೇ ಥರ ಕಾಣುತ್ತವೆ, ಎರಡು ಸಲ ಓದಿ.

ಈ ಸಣ್ಣ ಅಕ್ಷರಗಳು ಎಷ್ಟು ಹೇಳಬಲ್ಲವು ಎಂಬುದಕ್ಕೆ 2015ರ ಚೀರಿಯೋಸ್ ಪ್ರಕರಣ ನೋಡಿ. ಅಮೆರಿಕದ ಜನರಲ್ ಮಿಲ್ಸ್ ಕಂಪನಿ ಆ ವರ್ಷವಷ್ಟೇ ಚೀರಿಯೋಸ್ ಎಂಬ ತನ್ನ ಓಟ್ಸ್ ಸೀರಿಯಲ್‌ಗೆ (ಬೆಳಗಿನ ತಿಂಡಿಗೆ) ಗ್ಲುಟೆನ್ ಫ್ರೀ ಎಂದು ಹಾಕಿ ಮಾರತೊಡಗಿತ್ತು. ಅಕ್ಟೋಬರ್ 5ರಂದು ಸುಮಾರು 18 ಲಕ್ಷ ಪೆಟ್ಟಿಗೆಗಳನ್ನು ವಾಪಸ್ ಕರೆಸಿತು. ಕ್ಯಾಲಿಫೋರ್ನಿಯಾದ ಲೋಡಿ ಎಂಬಲ್ಲಿರುವ ಅದರ ಕಾರ್ಖಾನೆಗೆ ಕೆಲಕಾಲ ರೈಲು ಸಂಪರ್ಕ ತಪ್ಪಿತ್ತು. ಓಟ್ಸ್ ಹಿಟ್ಟನ್ನು ರೈಲು ವ್ಯಾಗನ್‌ನಿಂದ ಲಾರಿಗೆ ಇಳಿಸಿ ಸಾಗಿಸಬೇಕಾಯಿತು, ಆ ಗಡಿಬಿಡಿಯಲ್ಲಿ ಗ್ಲುಟೆನ್ ಫ್ರೀ ಓಟ್ಸ್ ಹೋಗಬೇಕಾದ ತಯಾರಿಕಾ ಸಾಲಿಗೆ ಗೋಧಿ ಹಿಟ್ಟು ಸೇರಿಹೋಯಿತು. ಮನುಷ್ಯರ ಕೈತಪ್ಪು ಎಂದು ಕಂಪನಿಯೇ ಒಪ್ಪಿಕೊಂಡಿತು. ರೀಕಾಲ್ ಆದ ಪೆಟ್ಟಿಗೆಗಳೆಲ್ಲ ಜುಲೈ ತಿಂಗಳ ಕೆಲವೇ ದಿನಗಳಲ್ಲಿ ತಯಾರಾದವು. ಅವುಗಳ ದಿನಾಂಕದ ಕೊನೆಗೆ ಎಲ್‌ಡಿ ಎಂಬ ಎರಡಕ್ಷರ ಇತ್ತು. ಅದು ಲೋಡಿ ಕಾರ್ಖಾನೆಯ ಗುರುತು. ಅದೇ ಅಂಗಡಿಯ ಅದೇ ಅಟ್ಟಣಿಗೆಯಲ್ಲಿ ಪಕ್ಕದಲ್ಲೇ ಕುಳಿತಿದ್ದ, ಬೇರೆ ಕಾರ್ಖಾನೆಯ ಗುರುತಿದ್ದ ಪೆಟ್ಟಿಗೆ ಈ ರೀಕಾಲ್‌ನೊಳಗೆ ಬರುತ್ತಿರಲಿಲ್ಲ.

ಇದರಲ್ಲೇ ಇನ್ನೊಂದು ಪಾಠವೂ ಇದೆ. ತಯಾರಾದದ್ದು ಜುಲೈನಲ್ಲಿ, ಸೂಚನೆ ಬಂದದ್ದು ಅಕ್ಟೋಬರ್‌ನಲ್ಲಿ. ಅಷ್ಟರಲ್ಲಿ ಎಷ್ಟೋ ಮನೆಗಳಲ್ಲಿ ಪೆಟ್ಟಿಗೆ ಖಾಲಿಯಾಗಿ ರಟ್ಟು ಕಸಕ್ಕೆ ಹೋಗಿರುತ್ತದೆ. ರೀಕಾಲ್ ಯಾವಾಗಲೂ ತಡವಾಗಿಯೇ ಬರುತ್ತದೆ ಎಂದು ಲೆಕ್ಕ ಹಾಕಿಕೊಂಡೇ ನಮ್ಮ ವ್ಯವಸ್ಥೆ ಇರಬೇಕು. ಅದಕ್ಕೇನು ಮಾಡಬೇಕೆಂದು ಮುಂದೆ ಹೇಳುತ್ತೇನೆ.

ಹಂತ 4: ಪ್ಯಾಕೆಟ್ ಇನ್ನೂ ಮನೆಯಲ್ಲಿದ್ದರೆ

ಎಸೆಯಬೇಡಿ. ಲಾಟ್ ನಂಬರ್, ದಿನಾಂಕ, ಪದಾರ್ಥಗಳ ಪಟ್ಟಿ, ಬಿಲ್ ಎಲ್ಲದರ ಫೋಟೊ ತೆಗೆದುಕೊಳ್ಳಿ. ಪ್ಯಾಕೆಟ್ಟನ್ನು ಇನ್ನೊಂದು ಚೀಲದೊಳಗೆ ಕಟ್ಟಿ, ತಿನ್ನಬಾರದು ಎಂದು ದಪ್ಪಕ್ಷರದಲ್ಲಿ ಬರೆದು ಅಡುಗೆಮನೆಯಿಂದ ಹೊರಗಿಡಿ. ಸೂಚನೆಯಲ್ಲಿ ಹೇಳಿದಂತೆ ಅಂಗಡಿಗೆ ಮರಳಿಸಿ ಅಥವಾ ಕಂಪನಿಗೆ ತಿಳಿಸಿ ಹಣ ವಾಪಸ್ ಪಡೆಯಿರಿ.

ಹಿಟ್ಟನ್ನೋ ಓಟ್ಸನ್ನೋ ಡಬ್ಬಿಗೆ ಸುರಿದಿದ್ದರೆ ಆ ಡಬ್ಬಿ, ಅದರೊಳಗಿನ ಚಮಚ, ಜರಡಿ, ಟೋಸ್ಟರ್ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಸೋಪು ಹಾಕಿ ಚೆನ್ನಾಗಿ ತೊಳೆದರೆ ಪಾತ್ರೆಗಳ ಮಟ್ಟಿಗೆ ಸಾಕು. ಕುದಿಸುವುದರಿಂದ, ಬೇಯಿಸುವುದರಿಂದ ಗ್ಲುಟೆನ್ ನಾಶವಾಗುವುದಿಲ್ಲ. ಉಜ್ಜಿ ತೊಳೆದು ತೆಗೆಯಬೇಕು. ಜರಡಿ ಮತ್ತು ಟೋಸ್ಟರ್ ತೊಳೆಯುವುದು ಕಷ್ಟ, ಬೇರೆ ತರುವುದು ಲೇಸು. ಹಳೆಯ ಹಿಟ್ಟಿನ ಮೇಲೆ ಹೊಸ ಪ್ಯಾಕೆಟ್ ಸುರಿದಿದ್ದರೆ ಡಬ್ಬಿಯಲ್ಲಿರುವುದಷ್ಟೂ ಹೋಯಿತೆಂದೇ ತಿಳಿಯಿರಿ.

ಹಂತ 5: ತಿಂದಾಗಿದ್ದರೆ

ಗೋಧಿ ಅಲರ್ಜಿ ಇರುವವರಿಗೆ ಉಸಿರಾಟ ಕಷ್ಟವಾದರೆ, ಗಂಟಲು ಬಿಗಿದರೆ, ತಲೆ ಸುತ್ತಿದರೆ ಕಾಯಬೇಡಿ. ವೈದ್ಯರು ಬರೆದುಕೊಟ್ಟ ಅಡ್ರಿನಲಿನ್ ಇಂಜೆಕ್ಷನ್ ಇದ್ದರೆ ಕೊಟ್ಟು ತಕ್ಷಣ ಆಂಬುಲೆನ್ಸ್ ಕರೆಸಿ.

ಸೀಲಿಯಾಕ್‌ನಲ್ಲಿ ಅಂಥ ತುರ್ತು ಸಾಮಾನ್ಯವಾಗಿ ಬರುವುದಿಲ್ಲ. ಹೊಟ್ಟೆಯುಬ್ಬರ, ವಾಂತಿ, ಭೇದಿ, ವಿಪರೀತ ಸುಸ್ತು ಕೆಲವು ಗಂಟೆಗಳಲ್ಲೋ ಒಂದೆರಡು ದಿನಗಳಲ್ಲೋ ಕಾಣಿಸಬಹುದು. ಒಳಹೋದ ಗ್ಲುಟೆನ್ನನ್ನು ಹೊರತೆಗೆಯುವ ಔಷಧಿ ಇಲ್ಲ. ಗ್ಲುಟೆನ್ ಕರಗಿಸುತ್ತದೆ ಎಂದು ಮಾರುವ ಕಿಣ್ವದ ಮಾತ್ರೆಗಳು ಸೀಲಿಯಾಕ್ ಇರುವವರನ್ನು ಕಾಪಾಡುತ್ತವೆ ಎಂಬುದಕ್ಕೆ ಭರವಸೆ ಇಡುವಂಥ ಆಧಾರವಿಲ್ಲ, ಅವನ್ನು ನಂಬಿ ಕೂರಬೇಡಿ. ಬಲವಂತವಾಗಿ ವಾಂತಿ ಮಾಡಿಸುವುದೂ ಬೇಡ. ನೀರು, ಉಪ್ಪು-ಸಕ್ಕರೆಯ ದ್ರವ, ಹಗುರ ಊಟ, ವಿಶ್ರಾಂತಿ. ಮಕ್ಕಳಲ್ಲಿ ಮೂತ್ರ ಕಡಿಮೆಯಾದರೆ, ಭೇದಿ ನಿಲ್ಲದಿದ್ದರೆ, ರಕ್ತ ಕಂಡರೆ ವೈದ್ಯರ ಹತ್ತಿರ ಹೋಗಿ.

ಏನೂ ಆಗಲಿಲ್ಲವೇ? ಅದರಿಂದ ಸಮಾಧಾನ ಪಟ್ಟುಕೊಳ್ಳಬೇಡಿ, ಇದನ್ನು ನಾನು ಒತ್ತಿ ಹೇಳುತ್ತೇನೆ. ಸೀಲಿಯಾಕ್ ಇರುವ ಎಷ್ಟೋ ಜನರಿಗೆ ಹೊರಗೆ ಯಾವ ಲಕ್ಷಣವೂ ಕಾಣುವುದಿಲ್ಲ, ಆದರೂ ಕರುಳು ಒಳಗೇ ಹಾನಿಗೊಳಗಾಗುತ್ತಿರುತ್ತದೆ. ಲಕ್ಷಣ ಬಂದಿಲ್ಲ ಎಂಬುದು ಪ್ಯಾಕೆಟ್ ಶುದ್ಧ ಎಂಬುದಕ್ಕೆ ಸಾಕ್ಷಿಯಲ್ಲ. ಹಾಗೆಂದು ಒಮ್ಮೆ ತಿಂದ ಮಾತ್ರಕ್ಕೆ ಮಾರನೇ ದಿನವೇ ರಕ್ತ ಪರೀಕ್ಷೆಗೆ ಓಡುವುದರಿಂದಲೂ ಪ್ರಯೋಜನವಿಲ್ಲ. ಸೀಲಿಯಾಕ್‌ಗಾಗಿ ರಕ್ತದಲ್ಲಿ ನೋಡುವ ಟಿಟಿಜಿ ಎಂಬ ಪ್ರತಿಕಾಯಗಳ ಮಟ್ಟ ಏರುವುದಕ್ಕೂ ಇಳಿಯುವುದಕ್ಕೂ ಕಾಲ ಬೇಕು. ಅದೇ ತಿನಿಸನ್ನು ವಾರಗಟ್ಟಲೆ ದಿನವೂ ತಿಂದಿದ್ದರೆ ಮಾತ್ರ, ಯಾವಾಗಿನಿಂದ ಯಾವಾಗಿನವರೆಗೆ, ದಿನಕ್ಕೆ ಎಷ್ಟು ಎಂದು ಬರೆದುಕೊಂಡು ಮುಂದಿನ ತಪಾಸಣೆಯಲ್ಲಿ ವೈದ್ಯರಿಗೆ ತೋರಿಸಿ. ಯಾವ ಪರೀಕ್ಷೆ, ಯಾವಾಗ ಎಂದು ಅವರು ಹೇಳುತ್ತಾರೆ.

ಹಂತ 6: ಕಂಪನಿಗೆ ಫೋನ್ ಮಾಡಿ, ಸರಿಯಾದ ಪ್ರಶ್ನೆ ಕೇಳಿ

ನಿಮ್ಮದು ಗ್ಲುಟೆನ್ ಫ್ರೀನಾ ಎಂದು ಕೇಳಿದರೆ ಹೌದು ಎಂಬ ಉತ್ತರ ಬಿಟ್ಟು ಬೇರೆ ಬರುವುದಿಲ್ಲ. ಪ್ರಶ್ನೆ ಹೀಗಿರಲಿ:

"ನಮಸ್ಕಾರ. ನನ್ನ ಮಗಳಿಗೆ ಸೀಲಿಯಾಕ್ ಇದೆ. ರೀಕಾಲ್ ಆದ ಬ್ಯಾಚಿನ ಪ್ಯಾಕೆಟ್ ನಮ್ಮಲ್ಲಿದೆ, ಲಾಟ್ ನಂಬರ್ ಹೇಳುತ್ತೇನೆ, ಬರೆದುಕೊಳ್ಳಿ. ಇದರಲ್ಲಿ ಗ್ಲುಟೆನ್ ಎಷ್ಟು ಪಿಪಿಎಂ ಸಿಕ್ಕಿತು? ಅದೇ ಸಾಲಿನಲ್ಲಿ ಗೋಧಿ ತಿನಿಸೂ ತಯಾರಾಗುತ್ತದೆಯೇ? ನೀವು ಪರೀಕ್ಷಿಸುವುದು ಹಿಟ್ಟನ್ನೋ, ತಯಾರಾದ ಮಾಲನ್ನೋ? ಪ್ರತಿ ಲಾಟ್ ಪರೀಕ್ಷೆ ಆಗುತ್ತದೋ, ಆಗೊಮ್ಮೆ ಈಗೊಮ್ಮೆಯೋ? ನಿಮಗೆ ಗೊತ್ತಿಲ್ಲದಿದ್ದರೆ ಗುಣಮಟ್ಟ ವಿಭಾಗದವರಿಂದ ಇಮೇಲ್‌ನಲ್ಲಿ ಉತ್ತರ ಕೊಡಿಸಿ."

ಫೋನ್ ಎತ್ತಿಕೊಂಡವರು ಕಾರ್ಖಾನೆಯಲ್ಲಿ ಕೆಲಸ ಮಾಡುವವರಲ್ಲ, ಅವರ ಮೇಲೆ ರೇಗಿ ಪ್ರಯೋಜನವಿಲ್ಲ. ಉತ್ತರ ಬರಹದಲ್ಲಿ ಬರಲಿ ಎಂಬುದಷ್ಟನ್ನು ಬಿಡಬೇಡಿ.

ಬಂದ ಉತ್ತರವನ್ನು ಅರ್ಥ ಮಾಡಿಕೊಳ್ಳಲು ಒಂದು ಲೆಕ್ಕ ನೆನಪಿರಲಿ. ಹತ್ತು ಪೆಟ್ಟಿಗೆಗಳಿಂದ ಒಂದೊಂದು ಹಿಡಿ ತೆಗೆದು ಬೆರೆಸಿ ಒಂದೇ ಪರೀಕ್ಷೆ ಮಾಡಿದರೆಂದುಕೊಳ್ಳಿ. ಒಂಬತ್ತರಲ್ಲಿ ಗ್ಲುಟೆನ್ ಇಲ್ಲ, ಹತ್ತನೆಯದರಲ್ಲಿ 100 ಪಿಪಿಎಂ ಇದೆ. ಮಿಶ್ರಣದಲ್ಲಿ ಬರುವ ಸಂಖ್ಯೆ 10. ಪಾಸಾಯಿತು! ಆದರೆ ಆ ಹತ್ತನೇ ಪೆಟ್ಟಿಗೆ ಯಾರದೋ ಮಗುವಿನ ತಟ್ಟೆಗೆ ಹೋಗುತ್ತದೆ. ಸರಾಸರಿ ಎಂಬುದು ಕಾರ್ಖಾನೆಗೆ ಅನುಕೂಲ, ತಿನ್ನುವವರಿಗಲ್ಲ. ಅದಕ್ಕೇ ಪೆಟ್ಟಿಗೆಗಳನ್ನು ಬೇರೆ ಬೇರೆಯಾಗಿ ಪರೀಕ್ಷಿಸುತ್ತೀರಾ ಎಂದು ಕೇಳುವುದು ಮುಖ್ಯ.

ಓಟ್ಸ್‌ನಲ್ಲಿ ಈ ತೊಂದರೆ ಎಲ್ಲಕ್ಕಿಂತ ಹೆಚ್ಚು. ಓಟ್ಸ್‌ನಲ್ಲಿ ಸ್ವತಃ ಗೋಧಿಯ ಗ್ಲುಟೆನ್ ಇಲ್ಲ, ಆದರೆ ಹೊಲದಲ್ಲಿ, ಯಂತ್ರದಲ್ಲಿ, ಲಾರಿಯಲ್ಲಿ ಗೋಧಿ-ಬಾರ್ಲಿ ಕಾಳು ಸೇರಿಕೊಳ್ಳುತ್ತವೆ. ಒಂದು ಗೋಧಿ ಕಾಳು ಸುಮಾರು 35 ಮಿಲಿಗ್ರಾಂ ತೂಗುತ್ತದೆ, ಅದರಲ್ಲಿ ಗ್ಲುಟೆನ್ ಮೂರೂವರೆ ಮಿಲಿಗ್ರಾಂನಷ್ಟು. 50 ಗ್ರಾಂ ಓಟ್ಸ್‌ನಲ್ಲಿ ಅಂಥ ಒಂದೇ ಒಂದು ಕಾಳು ಇದ್ದರೆ ಆ ಬಟ್ಟಲಿನ ಮಟ್ಟ 70 ಪಿಪಿಎಂ. ಪಕ್ಕದ ಬಟ್ಟಲಿನಲ್ಲಿ ಸೊನ್ನೆ. ಕಾಳನ್ನು ಯಂತ್ರದಿಂದ ಬಣ್ಣ-ಆಕಾರ ನೋಡಿ ಆರಿಸುವ ವಿಧಾನ ಒಂದಿದೆ. ಬಿತ್ತನೆಯಿಂದಲೇ ಗೋಧಿಯನ್ನು ದೂರವಿಟ್ಟು ಬೆಳೆಯುವ ವಿಧಾನ ಇನ್ನೊಂದು. ನನ್ನ ಮಟ್ಟಿಗೆ ಎರಡನೆಯದೇ ಹೆಚ್ಚು ನಂಬಿಕೆಗೆ ಅರ್ಹ. ಕೆನಡಾದಲ್ಲಿ 2018ರ ಜನವರಿಯಿಂದ ಚೀರಿಯೋಸ್ ಪೆಟ್ಟಿಗೆಯ ಮೇಲೆ ಗ್ಲುಟೆನ್ ಫ್ರೀ ಎಂಬ ಮಾತು ಇರುವುದಿಲ್ಲ ಎಂದು ಅಲ್ಲಿನ ಸೀಲಿಯಾಕ್ ಸಂಘ 2017ರಲ್ಲಿ ಪ್ರಕಟಿಸಿದ್ದೂ ಇದೇ ಚರ್ಚೆಯ ಬೆನ್ನಿಗೆ. ಅಮೆರಿಕದಲ್ಲಿ ಆ ಮಾತು ಉಳಿಯಿತು.

ಹಂತ 7: ಆ ಕಂಪನಿಯನ್ನು ಮತ್ತೆ ಕೊಳ್ಳಬಹುದೇ?

ನಿಜವಾದ ಕಷ್ಟದ ಪ್ರಶ್ನೆ ಇದು. ರೀಕಾಲ್ ಮಾಡಿದ ಕಂಪನಿ ಕೆಟ್ಟದ್ದು, ಎಂದೂ ಮಾಡದ ಕಂಪನಿ ಒಳ್ಳೆಯದು ಎಂಬ ಲೆಕ್ಕ ಸರಳ, ಆದರೆ ತಪ್ಪು. ಪರೀಕ್ಷೆಯನ್ನೇ ಮಾಡದವರಿಗೆ ದೋಷ ಸಿಗುವುದೂ ಇಲ್ಲ, ರೀಕಾಲ್ ಮಾಡುವ ಪ್ರಮೇಯವೂ ಇಲ್ಲ. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಒಬ್ಬ ವ್ಯಾಪಾರಿ ಮಾಮೂಲಿ ಬ್ರೆಡ್ಡನ್ನು ಗ್ಲುಟೆನ್ ಫ್ರೀ ಎಂದು ಹೇಳಿ ಮಾರುತ್ತಿದ್ದ. ತಿಂದ ಗಿರಾಕಿಗಳು ಹುಷಾರು ತಪ್ಪಿ ದೂರು ಕೊಟ್ಟ ಮೇಲೆ ವಿಷಯ ಹೊರಬಿತ್ತು, 2011ರಲ್ಲಿ ನ್ಯಾಯಾಲಯ ಅವನಿಗೆ ಜೈಲು ಶಿಕ್ಷೆ ವಿಧಿಸಿತು. 

ನಾನು ಮೊದಲು ನೋಡುವುದು ದೋಷವನ್ನು ಯಾರು ಹಿಡಿದರು ಎಂಬುದನ್ನು. ಕಂಪನಿಯ ಸ್ವಂತ ಪರೀಕ್ಷೆಯಲ್ಲಿ ಸಿಕ್ಕಿ ಅವರೇ ಮುಂದೆ ಬಂದು ಹೇಳಿದ್ದರೆ ಅದು ಅವರ ಪರವಾದ ಅಂಶ. ಸರ್ಕಾರಿ ತಪಾಸಣೆಯಲ್ಲಿ ಸಿಕ್ಕಿದರೆ ಸ್ವಲ್ಪ ಕಡಿಮೆ. ಗಿರಾಕಿಗಳು ಹುಷಾರು ತಪ್ಪಿ ಗಲಾಟೆ ಮಾಡಿದ ಮೇಲೆ ಬಾಯಿಬಿಟ್ಟಿದ್ದರೆ ಇನ್ನೂ ಕಡಿಮೆ.

ಎರಡನೆಯದು, ಕಾರಣವನ್ನು ಬಿಡಿಸಿ ಹೇಳಿದರೇ? "ತಾಂತ್ರಿಕ ತೊಂದರೆ" ಎಂಬ ಒಂದು ಮಾತಿಗೆ ಬೆಲೆ ಇಲ್ಲ. ತಪ್ಪು ಪೊಟ್ಟಣ ಬಳಸಿದ್ದೇ, ಹಿಟ್ಟು ಪೂರೈಸಿದವರ ತಪ್ಪೇ, ಸಾಲು ತೊಳೆಯದ್ದೇ? ಕಾರಣ ಹೇಳಿದರೆ ಮಾತ್ರ ಪರಿಹಾರ ಸರಿಯಿದೆಯೇ ಎಂದು ಅಳೆಯಲು ಬರುತ್ತದೆ. ಲೋಡಿ ಪ್ರಕರಣದಲ್ಲಿ ಕಾರಣವೂ, ಹಿಟ್ಟು ಸಾಗಿಸುವ ಕ್ರಮ ಬದಲಾಯಿಸಿದ ವಿಷಯವೂ ಸಾರ್ವಜನಿಕವಾಗಿ ಬಂತು. ಅಷ್ಟಾದರೂ ಆಗಬೇಕು.

ಮೂರನೆಯದು ರೀಕಾಲ್‌ನ ಹರವು. ಮೊದಲ ದಿನವೇ ಖಚಿತವಾಗಿ ಇಂತಿಷ್ಟು ಲಾಟ್ ಎಂದು ಹೇಳಿ ಅದಕ್ಕೆ ನಿಂತರೆ, ಯಾವ ಹಿಟ್ಟು ಯಾವ ಪ್ಯಾಕೆಟ್ಟಿಗೆ ಹೋಯಿತೆಂಬ ದಾಖಲೆ ಅವರಲ್ಲಿ ಇದೆ ಎಂದರ್ಥ. ಇವತ್ತು ಎರಡು ಲಾಟ್, ಮುಂದಿನ ವಾರ ಆರು, ಆಮೇಲೆ ಇನ್ನೊಂದು ತಿನಿಸು ಎಂದು ಬೆಳೆಯುತ್ತಾ ಹೋದರೆ ದಾಖಲೆಯೇ ಇಲ್ಲ ಎಂದು ಅನುಮಾನಿಸಬೇಕಾಗುತ್ತದೆ. ಒಂದು ವಿನಾಯಿತಿ: ದೋಷ ಕಚ್ಚಾಮಾಲಿನಲ್ಲೇ ಇದ್ದರೆ ಪಟ್ಟಿ ಬೆಳೆಯುವುದು ಸಹಜ. 2014ರ ಕೊನೆ ಮತ್ತು 2015ರ ಆರಂಭದಲ್ಲಿ ಅಮೆರಿಕದಲ್ಲಿ ಜೀರಿಗೆ ಪುಡಿಯಲ್ಲಿ ಲೇಬಲ್ಲಿನಲ್ಲಿ ಹೇಳದ ಕಡಲೆಕಾಯಿ ಸಿಕ್ಕಿದಾಗ, ಆ ಪುಡಿ ಹಾಕಿದ ಹಲವಾರು ಬ್ರ್ಯಾಂಡುಗಳ ತಿನಿಸುಗಳು ಒಂದರ ಹಿಂದೊಂದು ವಾಪಸ್ ಬಂದವು. ಅಲ್ಲಿ ಪ್ರತಿ ಬ್ರ್ಯಾಂಡಿನ ಮೇಲೂ ತಪ್ಪು ಹೊರಿಸಿ ಫಲವಿಲ್ಲ.

ಇಷ್ಟು ನೋಡಿ ನಿರ್ಧರಿಸಿ. ತಾವೇ ಹಿಡಿದರು, ಕಾರಣ ಹೇಳಿದರು, ಸರಿಪಡಿಸಿದರು ಎಂದಾದರೆ ಹೊಸ ಲಾಟ್ ಬಂದ ಮೇಲೆ ಕೊಳ್ಳಿ. ಉತ್ತರ ಅರ್ಧಂಬರ್ಧ ಎನಿಸಿದರೆ ಕೆಲವು ತಿಂಗಳು ಬಿಟ್ಟು ನೋಡಿ. ಅದೇ ಕಾರಣಕ್ಕೆ ಎರಡನೇ ಸಲ ರೀಕಾಲ್ ಆದರೆ ಬಿಟ್ಟುಬಿಡಿ, ಅದಕ್ಕೆ ಅಳುಕಬೇಕಾಗಿಲ್ಲ.

ಹಂತ 8: ಮುಂದಿನ ಸಲ ಅಂಗಡಿಯಲ್ಲಿ

ಪ್ಯಾಕೆಟ್ಟಿನ ಮುಂಬದಿಯ ದೊಡ್ಡಕ್ಷರ ಓದಿ ಬುಟ್ಟಿಗೆ ಹಾಕಬೇಡಿ, ಹಿಂಬದಿಯ ಪದಾರ್ಥಗಳ ಪಟ್ಟಿ ಓದಿ. ಪ್ರತಿ ಸಲ ಓದಿ, ಪಾಕವಿಧಾನ ಹೇಳದೆ ಬದಲಾಗುತ್ತದೆ. ಮಾಲ್ಟ್ ಎಂದರೆ ಬಹುತೇಕ ಬಾರ್ಲಿ. ಸೋಯಾ ಸಾಸ್‌ನಲ್ಲಿ ಸಾಮಾನ್ಯವಾಗಿ ಗೋಧಿ ಇರುತ್ತದೆ. ಅಮೆರಿಕದ ಅಲರ್ಜಿ ಕಾನೂನಿನಲ್ಲಿ ಗೋಧಿಯನ್ನು ಹೆಸರಿಸುವುದು ಕಡ್ಡಾಯ, ಬಾರ್ಲಿ ಮತ್ತು ರೈ ಆ ಪಟ್ಟಿಯಲ್ಲಿಲ್ಲ. ಯುರೋಪಿನಲ್ಲಿ ಗ್ಲುಟೆನ್ ಇರುವ ಎಲ್ಲ ಧಾನ್ಯಗಳನ್ನೂ ಪಟ್ಟಿಯಲ್ಲಿ ಎದ್ದು ಕಾಣುವಂತೆ ಅಚ್ಚು ಹಾಕಬೇಕು. ಆಮದು ಮಾಲು ಕೊಳ್ಳುವವರು ಯಾವ ದೇಶದ ಲೇಬಲ್ ಎಂದು ನೋಡಲೇಬೇಕು.

"ಗೋಧಿ ಇರಬಹುದು" ಎಂಬ ಎಚ್ಚರಿಕೆ ಹೆಚ್ಚಿನ ಕಡೆ ಕಂಪನಿಗಳು ಸ್ವಇಚ್ಛೆಯಿಂದ ಹಾಕುವುದು. ಅದಿಲ್ಲದ ಪ್ಯಾಕೆಟ್ ಶುದ್ಧ ಎಂದೇನಿಲ್ಲ. ಹೊರಗಿನ ಸಂಸ್ಥೆಯ ಪ್ರಮಾಣಪತ್ರದ ಗುರುತಿಗೆ ಇದಕ್ಕಿಂತ ಹೆಚ್ಚು ತೂಕವಿದೆ. ಗೆರೆ ಎಳೆದ ತೆನೆಯ ಚಿಹ್ನೆ ಯುರೋಪಿನ ಸೀಲಿಯಾಕ್ ಸಂಘಗಳದ್ದು. ಅದಕ್ಕೆ ತಪಾಸಣೆ ಉಂಟು. ಜಿಎಫ್‌ಸಿಒ ಎಂಬ ಪ್ರಮಾಣಪತ್ರದ ಮಿತಿ 10 ಪಿಪಿಎಂ, ಕಾನೂನಿಗಿಂತ ಬಿಗಿ. ಪ್ರಮಾಣಪತ್ರ ಇದ್ದರೂ ರೀಕಾಲ್ ಆಗಬಹುದು, ಆದರೆ ಹೊರಗಿನವರ ಇನ್ನೊಂದು ಜೊತೆ ಕಣ್ಣು ಅದರ ಮೇಲಿರುತ್ತದೆ.

ಹಾಗಾದರೆ ಲೇಬಲ್ಲಿನ ಗೊಡವೆಯೇ ಬೇಡ, ಹುಟ್ಟಾ ಗ್ಲುಟೆನ್ ಇಲ್ಲದ ಧಾನ್ಯದ ಹಿಟ್ಟನ್ನೇ ಬಳಸೋಣ ಎನ್ನುವವರಿಗೆ ಒಂದು ಮಾತು. 2010ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಸಣ್ಣ ಪರೀಕ್ಷೆಯಲ್ಲಿ, ಗ್ಲುಟೆನ್ ಫ್ರೀ ಎಂಬ ಲೇಬಲ್ ಇಲ್ಲದ ಅಂಥ 22 ಧಾನ್ಯ, ಬೀಜ, ಹಿಟ್ಟುಗಳನ್ನು ನೋಡಿದಾಗ 7ರಲ್ಲಿ 20 ಪಿಪಿಎಂ ಮಿತಿಗಿಂತ ಹೆಚ್ಚು ಗ್ಲುಟೆನ್ ಸಿಕ್ಕಿತು. ಹೊಲದಲ್ಲೋ ಸಾಗಣೆಯಲ್ಲೋ ಗಿರಣಿಯಲ್ಲೋ ಆದ ಬೆರಕೆ ಇದಕ್ಕೆ ಕಾರಣವಿರಬಹುದು. ಇಡಿಯಾಗಿರುವ ಕಾಳು-ಬೇಳೆಯನ್ನು ತಟ್ಟೆಯಲ್ಲಿ ಹರಡಿ ಆರಿಸಿ ತೊಳೆದು ಬಳಸಬಹುದು, ಹಿಟ್ಟಿನಲ್ಲಿ ಆರಿಸಲು ಬರುವುದಿಲ್ಲ. ಹಿಟ್ಟಾದರೆ ಲೇಬಲ್ ಇರುವುದೇ ಇರಲಿ. ಹಣ್ಣು, ತರಕಾರಿ, ಮೊಟ್ಟೆ, ಹಾಲು, ಏನೂ ಬೆರೆಸದ ಮಾಂಸ-ಮೀನು ಇವು ನಿಶ್ಚಿಂತೆ.

ಮನೆಯಲ್ಲೇ ಗ್ಲುಟೆನ್ ಪರೀಕ್ಷಿಸುವ ಪಟ್ಟಿಗಳು (ಟೆಸ್ಟ್ ಸ್ಟ್ರಿಪ್) ಸಿಗುತ್ತವೆ. ಅವು ಹೇಳುವುದು ನೀವು ತೆಗೆದ ಆ ಚಿಟಿಕೆಯ ಬಗ್ಗೆ ಮಾತ್ರ, ಹುದುಗು ಬರಿಸಿದ ತಿನಿಸಿನಲ್ಲಂತೂ ಫಲಿತಾಂಶ ದಾರಿ ತಪ್ಪಿಸಬಹುದು.

ಹಂತ 9: ಸುದ್ದಿ ತಾನಾಗಿಯೇ ನಿಮ್ಮನ್ನು ತಲುಪುವಂತೆ ಮಾಡಿ

ಅಮೆರಿಕದ ಎಫ್‌ಡಿಎ, ಬ್ರಿಟನ್ನಿನ ಎಫ್‌ಎಸ್‌ಎ, ಕೆನಡಾದ ಸಿಎಫ್‌ಐಎ ಇವೆಲ್ಲ ರೀಕಾಲ್ ಆದ ಕೂಡಲೇ ಇಮೇಲ್ ಕಳಿಸುತ್ತವೆ. ನೀವಿರುವ ದೇಶದ ಆಹಾರ ಸುರಕ್ಷತಾ ಸಂಸ್ಥೆಯ ವ್ಯವಸ್ಥೆ ಏನಿದೆಯೋ ನೋಡಿ ಹೆಸರು ನೋಂದಾಯಿಸಿ. ಅಲರ್ಜಿ ಸೂಚನೆ ಮಾತ್ರ ಬೇಕು ಎಂದು ಆಯ್ಕೆ ಮಾಡುವ ಸೌಲಭ್ಯವಿದ್ದರೆ ಅದನ್ನೇ ಆರಿಸಿ, ಇಲ್ಲದಿದ್ದರೆ ದಿನಕ್ಕೆ ನಾಲ್ಕಾರು ಸೂಚನೆ ಬಂದು ಓದುವುದನ್ನೇ ಬಿಟ್ಟುಬಿಡುತ್ತೀರಿ. ಸೀಲಿಯಾಕ್ ಸಂಘದ ಸದಸ್ಯರಾದರೆ ಬೇಕಾದ್ದು ಮಾತ್ರ ಸೋಸಿ ಬರುತ್ತದೆ. ಅಂಗಡಿಯ ಸದಸ್ಯತ್ವ ಕಾರ್ಡ್ ಇದ್ದು ಅದರಲ್ಲಿ ಸರಿಯಾದ ಫೋನ್ ನಂಬರ್ ಇದ್ದರೆ ಕೆಲವು ಅಂಗಡಿಗಳು ಕೊಂಡವರಿಗೇ ಫೋನ್ ಮಾಡುತ್ತವೆ. ವಾಟ್ಸಾಪಿನಲ್ಲಿ ಬರುವ ಫಾರ್ವರ್ಡ್ ನಂಬಬೇಡಿ, ಹಳೆಯ ರೀಕಾಲ್‌ಗಳು ವರ್ಷಗಟ್ಟಲೆ ತಿರುಗುತ್ತಿರುತ್ತವೆ, ತಾರೀಖು ನೋಡಿ.

ಮನೆಯಲ್ಲಿ ಮಾಡಬೇಕಾದ್ದು ಒಂದೇ. ಡಬ್ಬಿಗೆ ಸುರಿಯುವ ಮುಂಚೆ ಲಾಟ್ ನಂಬರ್ ಇರುವ ತುಂಡನ್ನು ಕತ್ತರಿಸಿ ಡಬ್ಬಿಗೆ ಅಂಟಿಸಿ. ಖಾಲಿಯಾದ ಮೇಲೆ ಆ ತುಂಡನ್ನು ಒಂದು ಲಕೋಟೆಗೆ ಹಾಕಿ ನಾಲ್ಕು ತಿಂಗಳು ಇಟ್ಟುಕೊಳ್ಳಿ, ಇಲ್ಲವೇ ಫೋಟೊ ತೆಗೆದಿಡಿ. ಜುಲೈ-ಅಕ್ಟೋಬರ್ ಅಂತರ ನೆನಪಿದೆಯಲ್ಲ? ಸೂಚನೆ ಬಂದ ದಿನ ತಿಂದೆವೋ ಇಲ್ಲವೋ ಎಂದು ರಾತ್ರಿಯಿಡೀ ಯೋಚಿಸುವ ಬದಲು ಒಂದು ನಿಮಿಷದಲ್ಲಿ ಉತ್ತರ ಸಿಗುತ್ತದೆ.

ಹಂತ 10: ಅನುಮಾನ ನಿಮಗೇ ಮೊದಲು ಬಂದರೆ

ಯಾವುದೋ ಪ್ಯಾಕೆಟ್ ತಿಂದಾಗಲೆಲ್ಲ ಹುಷಾರು ತಪ್ಪುತ್ತಿದೆ, ರೀಕಾಲ್ ಮಾತ್ರ ಆಗಿಲ್ಲ. ಆಗ ಸುಮ್ಮನಿರಬೇಡಿ. ಕಂಪನಿಗೂ ಆಹಾರ ಸುರಕ್ಷತಾ ಸಂಸ್ಥೆಗೂ ಎರಡೂ ಕಡೆ ದೂರು ಕೊಡಿ, ಕಂಪನಿಗೆ ಮಾತ್ರ ಕೊಟ್ಟರೆ ಅದು ಅಲ್ಲೇ ಉಳಿಯಬಹುದು. ದೂರಿನಲ್ಲಿ ಇರಬೇಕಾದ್ದು: ತಿನಿಸಿನ ಹೆಸರು, ಲಾಟ್ ನಂಬರ್, ಕೊಂಡ ಜಾಗ ಮತ್ತು ದಿನ, ತಿಂದ ಹೊತ್ತು, ತಿಂದ ಪ್ರಮಾಣ, ಲಕ್ಷಣ ಶುರುವಾದ ಹೊತ್ತು, ಆ ದಿನ ತಿಂದ ಬೇರೆ ಎಲ್ಲದರ ಪಟ್ಟಿ, ವೈದ್ಯರು ಸೀಲಿಯಾಕ್ ಎಂದು ಖಚಿತಪಡಿಸಿದ್ದಾರೆ ಎಂಬ ಮಾತು. ಉಳಿದ ತಿನಿಸನ್ನು, ಸಾಧ್ಯವಾದರೆ ಅದೇ ಲಾಟಿನ ಒಡೆಯದ ಇನ್ನೊಂದು ಪ್ಯಾಕೆಟ್ಟನ್ನು ಪರೀಕ್ಷೆಗೆಂದು ಇಟ್ಟುಕೊಳ್ಳಿ. ಒಡೆದ ಪ್ಯಾಕೆಟ್ಟಿಗೆ ನಿಮ್ಮ ಅಡುಗೆಮನೆಯಿಂದಲೇ ಗೋಧಿ ಸೇರಿರಬಹುದು ಎಂದು ಅವರು ಹೇಳಿದರೆ ಅದನ್ನು ಅಲ್ಲಗಳೆಯಲು ಬರುವುದಿಲ್ಲ. ಒಡೆಯದ್ದಕ್ಕೆ ಆ ಮಾತು ಅನ್ವಯಿಸದು. ದೂರು ದಾಖಲಾದ ಸಂಖ್ಯೆಯನ್ನು ಪಡೆದುಕೊಳ್ಳಿ, ಎರಡು ವಾರದಲ್ಲಿ ಉತ್ತರ ಬರದಿದ್ದರೆ ಆ ಸಂಖ್ಯೆ ಹಿಡಿದು ಮತ್ತೆ ಕೇಳಿ.